ಕಲ್ಲಿದ್ದಲ ರಾಶಿಯಡಿ ಸಿಕ್ಕ ಲೆಕ್ಕ

ನನ್ನ ವಿದ್ಯಾರ್ಥಿಯೊಬ್ಬ ಈಚೆಗೆ ಗಾಳಿಯ ಹರಿವನ್ನು ಗಣಕಯಂತ್ರದಲ್ಲಿ ಲೆಕ್ಕ ಹಾಕುತ್ತಿದ್ದ. ಅವನು ಬಳಸಿದ ತಂತ್ರಾಂಶದ ಹೆಸರು ಓಪನ್‌ಫೋಮ್. 2004ರಿಂದ ಅದರ ಒಳಗಿನ ಬರಹವೆಲ್ಲ ಲೋಕಕ್ಕೆ ತೆರೆದಿದೆ. ಬೇಕಾದವರು ಓದಬಹುದು, ತಿದ್ದಬಹುದು, ಬೇರೆಯವರಿಗೆ ಹಂಚಬಹುದು. ಆದರೆ ಹುಡುಗನಿಗೆ ಬಂದ ಉತ್ತರ ಶುದ್ಧ ಅಸಂಬದ್ಧವಾಗಿತ್ತು. ನಾನು ಹತ್ತಿರ ಹೋದೊಡನೆ ಹಾಳೆಯನ್ನು ಪುಸ್ತಕದೊಳಗೆ ಸೇರಿಸಿಬಿಟ್ಟ. ಅವನನ್ನು ಕೂರಿಸಿಕೊಂಡು ನಾನು ಹೇಳಿದ್ದು ಲೂಯಿಸ್ ಫ್ರೈ ರಿಚರ್ಡ್‌ಸನ್ನನ ಕಥೆ.

ರಿಚರ್ಡ್‌ಸನ್ ಹುಟ್ಟಿದ್ದು 1881ರಲ್ಲಿ, ಇಂಗ್ಲೆಂಡಿನ ನ್ಯೂಕಾಸಲ್ ಪಟ್ಟಣದ ಕ್ವೇಕರ್ ಮನೆತನದಲ್ಲಿ. ಆಯುಧ ಹಿಡಿಯುವುದನ್ನೇ ಒಪ್ಪದ ಪಂಥ ಅದು. ಕೇಂಬ್ರಿಜ್‌ನಲ್ಲಿ ಓದು ಮುಗಿಸಿದ ಮೇಲೆ ಕೆಲಕಾಲ ಜೌಗುನೆಲದ ಪೀಟ್ ತೆಗೆಯುವ ಉದ್ಯಮದಲ್ಲಿದ್ದ. ಆ ನೆಲದಿಂದ ನೀರು ಹೇಗೆ ಬಸಿದುಹೋಗುತ್ತದೆಂಬ ಪ್ರಶ್ನೆಯೇ ಅವನ ಜೀವನದ ದಾರಿಯನ್ನು ತೆರೆಯಿತು. ಸಮೀಕರಣ ಕಣ್ಣೆದುರಿಗಿತ್ತು, ಬಿಡಿಸುವ ಉಪಾಯವಿರಲಿಲ್ಲ. ಆತ ಕ್ಷೇತ್ರವನ್ನು ಚದುರಂಗದ ಮನೆಗಳಂತೆ ಹೋಳುಮಾಡಿ, ಮನೆಯಿಂದ ಮನೆಗೆ ಬರಿಯ ಕೂಡುವಿಕೆ, ಕಳೆಯುವಿಕೆ, ಗುಣಾಕಾರಗಳಿಂದಲೇ ಉತ್ತರದ ಸಮೀಪಕ್ಕೆ ಹೋದ. 1910ರ ವೇಳೆಗೆ ಕಲ್ಲಿನ ಅಣೆಕಟ್ಟೊಂದರೊಳಗಿನ ಒತ್ತಡಗಳನ್ನು ಈ ಕ್ರಮದಿಂದ ಲೆಕ್ಕ ಹಾಕಿ ತೋರಿಸಿದ. ಅಣೆಕಟ್ಟಿಗೆ ಒಗ್ಗಿದ ಉಪಾಯ ಆಕಾಶಕ್ಕೇಕೆ ಒಗ್ಗಬಾರದು?

1913ರಲ್ಲಿ ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್ ವೀಕ್ಷಣಾಲಯದ ಮೇಲ್ವಿಚಾರಕನಾದಾಗ ಈ ವಿಚಾರ ಅವನ ಮನಸ್ಸನ್ನು ತುಂಬಿತು. ಅಷ್ಟರಲ್ಲಿ ಮಹಾಯುದ್ಧ ಬಂತು. ಬಂದೂಕು ಹಿಡಿಯಲು ಒಪ್ಪದ ರಿಚರ್ಡ್‌ಸನ್, 1916ರಲ್ಲಿ ಕ್ವೇಕರರ ಆಂಬುಲೆನ್ಸ್ ದಳವನ್ನು ಸೇರಿ ಫ್ರಾನ್ಸಿನ ರಣರಂಗದಲ್ಲಿ ಗಾಯಾಳುಗಳನ್ನು ಸಾಗಿಸತೊಡಗಿದ. ಬಿಡುವಿನಲ್ಲಿ, ಚಳಿ ಹಿಡಿದ ಬಿಡಾರದಲ್ಲಿ, ಹುಲ್ಲಿನ ಮೆದೆಯನ್ನೇ ಮೇಜು ಮಾಡಿಕೊಂಡು ಲೆಕ್ಕಕ್ಕೆ ಕುಳಿತ. 1910ರ ಮೇ 20ರ ಬೆಳಗಿನ ಮಧ್ಯ ಯೂರೋಪಿನ ಹವೆಯ ಅಂಕಿಗಳಿಂದ ಹೊರಟು, ಅಂದಿನ ಆರು ಗಂಟೆಗಳ ಬದಲಾವಣೆಯನ್ನು ಕಂಡುಹಿಡಿಯಬೇಕು. ಆ ಆರು ಗಂಟೆಗಳಿಗೆ ಅವನಿಗೆ ಸುಮಾರು ಆರು ವಾರ ಹಿಡಿಯಿತು! 1917ರ ಷಾಂಪೇನ್ ಕದನದ ಗೊಂದಲದಲ್ಲಿ ಹಸ್ತಪ್ರತಿಯೇ ಕಾಣೆಯಾಯಿತು. ತಿಂಗಳುಗಳು ಕಳೆದ ಮೇಲೆ ಬೆಲ್ಜಿಯಮ್ಮಿನಲ್ಲಿ, ಕಲ್ಲಿದ್ದಲ ರಾಶಿಯಡಿಯಲ್ಲಿ ಅದು ಸಿಕ್ಕಿತು.

ಹೀಗೆ ಉಳಿದುಬಂದ ಲೆಕ್ಕ ತಪ್ಪಾಗಿತ್ತು. ವಾಯುಭಾರ ಆರು ಗಂಟೆಗಳಲ್ಲಿ 145 ಮಿಲಿಬಾರ್ ಏರುವುದೆಂದು ಅದು ಸಾರಿತು. ಅಂದು ವಾಯುಭಾರಮಾಪಕ ಅಲುಗಿದ್ದು ಅತ್ಯಲ್ಪ. ಬೇರೊಬ್ಬನಾಗಿದ್ದರೆ ಅದನ್ನು ಮರಳಿ ಇದ್ದಲಿಗೇ ಹಾಕುತ್ತಿದ್ದನೋ ಏನೋ. 1922ರ ತನ್ನ ಗ್ರಂಥದಲ್ಲಿ ರಿಚರ್ಡ್‌ಸನ್ ಸಮೀಕರಣಗಳನ್ನೂ ಮೂಲದ ಅಂಕಿಗಳನ್ನೂ ಲೆಕ್ಕದ ನಮೂನೆಗಳನ್ನೂ ತಪ್ಪು ಉತ್ತರವನ್ನೂ ಸಮಗ್ರವಾಗಿ ಅಚ್ಚು ಹಾಕಿಸಿದ. ಭೂಮಂಡಲದ ಹವೆಯೊಡನೆ ಹೆಜ್ಜೆ ಹಾಕಲು ಅರವತ್ತನಾಲ್ಕು ಸಾವಿರ ಗಣಕರು ಒಂದೇ ಮಂದಿರದಲ್ಲಿ ಕುಳಿತು ಲೆಕ್ಕ ಮಾಡುವ ಕನಸನ್ನೂ ಅದರಲ್ಲೇ ಬರೆದ. ಅಚ್ಚಾದ ಆ ಅಂಕಿಗಳನ್ನೇ ಹಿಡಿದು ಬಹುಕಾಲದ ಮೇಲೆ ಐರ್ಲೆಂಡಿನ ಪೀಟರ್ ಲಿಂಚ್ ಲೆಕ್ಕವನ್ನು ಮತ್ತೆ ನಡೆಸಿದ. ದೋಷವಿದ್ದುದು ವಿಧಾನದ ತಿರುಳಿನಲ್ಲಲ್ಲ. ಆರಂಭದ ಗಾಳಿ ಮತ್ತು ವಾಯುಭಾರಗಳು ಪರಸ್ಪರ ಸರಿದೂಗಿರಲಿಲ್ಲ. ಅವನ್ನು ಹದಗೊಳಿಸಿದಾಗ 145 ಇದ್ದದ್ದು ಸುಮಾರು ಒಂದು ಮಿಲಿಬಾರಿಗೆ ಇಳಿಯಿತು.

ಇಷ್ಟು ಧಾರಾಳವಾಗಿ ತೆರೆದಿಟ್ಟವನು ಬಚ್ಚಿಟ್ಟದ್ದೂ ಉಂಟು. ಯುದ್ಧಾನಂತರ ಹವಾಮಾನ ಇಲಾಖೆಗೆ ಮರಳಿದ್ದ ಆತ, 1920ರಲ್ಲಿ ಅದು ವಾಯುಪಡೆಯ ಸಚಿವಾಲಯದ ಅಧೀನವಾದಾಗ ರಾಜೀನಾಮೆಯಿತ್ತ. ಗಾಳಿಯ ಸುಳಿಗಳ ಕುರಿತ ತನ್ನ ಸಂಶೋಧನೆಯಲ್ಲಿ ವಿಷಾನಿಲ ತಜ್ಞರು ಆಸಕ್ತಿ ತಳೆದರೆಂದು ತಿಳಿದು, ಅಚ್ಚಾಗದ ಕಾಗದಗಳನ್ನು ನಾಶಮಾಡಿದನೆಂದು ಅವನ ಮಡದಿ ಹೇಳಿದ್ದಾಳೆ. ಮುಂದೆ ಪೈಸ್ಲಿಯಲ್ಲಿ ತಾಂತ್ರಿಕ ಕಾಲೇಜಿನ ಪ್ರಾಂಶುಪಾಲನಾಗಿದ್ದು, 1940ರಲ್ಲಿ ನಿವೃತ್ತನಾಗಿ, ಯುದ್ಧಗಳ ಕಾರಣವನ್ನೇ ಗಣಿತದಿಂದ ಹುಡುಕುತ್ತ ಉಳಿದ ಆಯುಷ್ಯ ಕಳೆದ. 1950ರಲ್ಲಿ ಅಮೆರಿಕದ ಎನಿಯಾಕ್ ಯಂತ್ರ ಹವೆಯ ಮುನ್ಸೂಚನೆಯನ್ನು ಲೆಕ್ಕ ಹಾಕಿದ ವಾರ್ತೆ ಅವನನ್ನು ಮುಟ್ಟಿತು, ಸಂತೋಷಪಟ್ಟ. ಆ ಯಂತ್ರವನ್ನು ಕಟ್ಟಿಸಿದ್ದು ಸೈನ್ಯ, ಫಿರಂಗಿ ಗುಂಡಿನ ಪಥವನ್ನು ಗುಣಿಸಲೆಂದು. 1953ರ ಸೆಪ್ಟೆಂಬರ್ 30ರಂದು ಸ್ಕಾಟ್ಲೆಂಡಿನ ಕಿಲ್ಮನ್‌ನಲ್ಲಿ ರಿಚರ್ಡ್‌ಸನ್ ತೀರಿಕೊಂಡ.

ಹುಡುಗ ಹಾಳೆಯನ್ನು ಹೊರತೆಗೆದ. ಆರಂಭದ ವೇಗಗಳನ್ನು ಇಬ್ಬರೂ ಒಂದೊಂದಾಗಿ ನೋಡುತ್ತಿದ್ದಾಗ, ತೆರೆದಿಟ್ಟ ಈ ತಂತ್ರಾಂಶವನ್ನು ವಿಷಾನಿಲದವರೂ ಬಳಸಬಹುದಲ್ಲವೇ ಸಾರ್ ಎಂದು ಕೇಳಿದ. ಬಳಸಬಹುದು, ಅದರ ಪರವಾನಗಿಯಲ್ಲಿ ಅದಕ್ಕೆ ತಡೆಯಿಲ್ಲ. ಹಾಗೆಂದು ಹೇಳಿ ನಾನು ಮುಂದಿನ ಸಾಲಿಗೆ ಬೆರಳಿಟ್ಟೆ.