ನಮ್ಮ ಕಾಸರಗೋಡಿನ ಕುದ್ಮುಲ್ ರಂಗರಾಯರು



ಮಂಗಳೂರಿಗೆ ನೀವು ಎಷ್ಟೋ ಸಲ ಹೋಗಿದ್ದೀರಿ. ಅಲ್ಲಿನ ಪುರಭವನಕ್ಕೆ ಯಾರ ಹೆಸರು ಉಂಟು ಅಂತ ಗಮನಿಸಿದ್ದೀರಾ? ಆ ಕುದ್ಮುಲ್ ರಂಗರಾಯರು ಹುಟ್ಟಿದ್ದು ನಮ್ಮ ಕಾಸರಗೋಡಿನಲ್ಲೇ, 1859ರಲ್ಲಿ. ಸಾರಸ್ವತ ಬ್ರಾಹ್ಮಣ ಕುಟುಂಬ. ತಂದೆ ತೀರಿಹೋದ ಮೇಲೆ ಕೆಲಸ ಹುಡುಕಿಕೊಂಡು ಮಂಗಳೂರಿಗೆ ಹೋದರು. ಮೊದಲು ಮೇಷ್ಟ್ರಾದರು, ಆಮೇಲೆ ವಕೀಲರಾದರು.

ಆ ಕಾಲ ಹೇಗಿತ್ತು ಅಂತ ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ. ನಮ್ಮವರ ಮಕ್ಕಳು ಧಣಿಗಳ ದನ ಕಾಯಬೇಕು, ಗದ್ದೆಯಲ್ಲಿ ದುಡಿಯಬೇಕು. ಶಾಲೆಯ ಜಗಲಿಗೂ ಹತ್ತುವ ಹಾಗಿರಲಿಲ್ಲ. ರಂಗರಾಯರು 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ಈ ಮಕ್ಕಳಿಗಾಗಿಯೇ ಶಾಲೆ ತೆರೆದರು. ಮೇಲ್ಜಾತಿಯವರ ವಿರೋಧ ಜೋರಾಯಿತು. ಸ್ವಂತ ಜಾತಿಯವರೇ ಅವರನ್ನು ದೂರ ಇಟ್ಟರು. ಅವರು ಹಿಂದೆ ಸರಿಯಲಿಲ್ಲ. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ, ಬೇರೆ ಕಡೆಗಳಲ್ಲೂ ಶಾಲೆ ಶುರು ಮಾಡಿದರು.

ಒಂದು ವಿಷಯ ಅವರಿಗೆ ಬೇಗ ಅರ್ಥವಾಯಿತು. ಬಾಗಿಲು ತೆರೆದರೆ ಸಾಲದು. ಮಗು ಶಾಲೆಗೆ ಬಂದರೆ ಮನೆಯಲ್ಲಿ ಒಂದು ದಿನದ ದುಡಿಮೆ ಹೋಗುತ್ತದೆ. ಹಸಿದ ಹೊಟ್ಟೆಗೆ ಅಕ್ಷರ ಹತ್ತುವುದಿಲ್ಲ. ಹಾಗಾಗಿ ಮಕ್ಕಳಿಗೆ ಮಧ್ಯಾಹ್ನ ಊಟ ಕೊಟ್ಟರು. ಮನೆಯವರ ಕೈಗೂ ಸ್ವಲ್ಪ ಕಾಸು ಹಾಕಿದರು. ಶೇಡಿಗುಡ್ಡೆಯಲ್ಲಿ ಹಾಸ್ಟೆಲ್ ಮಾಡಿ ಮಗ್ಗದ ಕೆಲಸ, ಬಡಗಿ ಕೆಲಸ ಕಲಿಸಿದರು. ಮನೆ ಕಟ್ಟಿಕೊಳ್ಳಲು ಜಾಗವನ್ನೂ ಕೊಡಿಸಿದರು.

ಇಲ್ಲಿ ಇನ್ನೊಂದು ಮಾತು ಮರೆಯಬಾರದು. ಧಣಿಯ ಸಿಟ್ಟಿಗೆ ಹೆದರದೆ ಮೊದಲು ಮಕ್ಕಳನ್ನು ಕಳಿಸಿದ ನಮ್ಮ ಹಿರಿಯರ ಧೈರ್ಯವೂ ಸಣ್ಣದಲ್ಲ. ಅವರ ಹೆಸರು ಯಾವ ಭವನದ ಮೇಲೂ ಇಲ್ಲ.

ರಾಯರು ಹೇಳಿದ್ದನ್ನು ಮನೆಯಲ್ಲೂ ನಡೆಸಿದರು. ಮಗಳು ರಾಧಾಬಾಯಿಯನ್ನು ಓದಿಸಿದರು. ಆಕೆ ಬೇರೆ ಜಾತಿಯ ಸುಬ್ಬರಾಯನ್ ಅವರನ್ನು ಮದುವೆಯಾದರು. ಮುಂದೆ ಲಂಡನ್ನಿನ ದುಂಡುಮೇಜಿನ ಸಭೆಗೂ ಹೋದರು.

1928ರ ಜನವರಿ 30ರಂದು ರಾಯರು ತೀರಿಕೊಂಡರು. ಅವರಿಗೊಂದು ಆಸೆ ಇತ್ತು. ತಮ್ಮ ಶಾಲೆಯಲ್ಲಿ ಕಲಿತ ದಲಿತ ಮಗು ಸರಕಾರಿ ಕೆಲಸ ಹಿಡಿದು, ಊರಿನ ರಸ್ತೆಯಲ್ಲಿ ಕಾರಿನಲ್ಲಿ ಹೋಗಬೇಕು. ಆ ಕಾರಿನ ಧೂಳು ತಮ್ಮ ತಲೆಗೆ ತಾಗಬೇಕು. ಅಷ್ಟಾದರೆ ಜನ್ಮ ಸಾರ್ಥಕ.

ಮಿತ್ರರೇ, ನಮ್ಮ ಕಾಲನಿಯಲ್ಲಿ ಇವತ್ತೂ ಶಾಲೆ ಬಿಟ್ಟ ಮಕ್ಕಳು ಇದ್ದಾರೆ. ಓದು ತಲೆಗೆ ಹತ್ತಲಿಲ್ಲ ಅಂತ ಸುಮ್ಮನೆ ಹೇಳಿಬಿಡುತ್ತೇವೆ. ಒಮ್ಮೆ ಆ ಮನೆಗೆ ಹೋಗಿ ಕೂತು ಕೇಳಿ. ಊಟದ ತೊಂದರೆಯಾ, ಬಸ್ಸಿನ ಹಣವಾ, ತರಗತಿಯಲ್ಲಿ ಯಾರಾದರೂ ಚುಚ್ಚಿ ಮಾತಾಡಿದರಾ? ಕಾರಣ ಗೊತ್ತಾದರೆ ದಾರಿಯೂ ಸಿಗುತ್ತದೆ. ಬರುವ ಜೂನಿಗೆ ನಾವು ಒಬ್ಬೊಬ್ಬರೂ ಒಂದೊಂದು ಮಗುವನ್ನು ಮತ್ತೆ ಶಾಲೆಗೆ ಸೇರಿಸೋಣ.

ಜೈ ಭೀಮ್.