ಬಿಸಿಲು ಮತ್ತು ಬೀಜ: ಇಬ್ನುಲ್ ಬೈತಾರ್

ಅರಬಿಯಲ್ಲಿ ಬೈತಾರ್ ಎಂದರೆ ಪಶುವೈದ್ಯ. ಇಬ್ನುಲ್ ಬೈತಾರ್ ಎಂದರೆ ಪಶುವೈದ್ಯನ ಮಗ. ಈ ಹೆಸರಿನಿಂದ ಪ್ರಸಿದ್ಧರಾದ ಸಸ್ಯವಿಜ್ಞಾನಿ ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಸ್ಪೇನಿನ ಮಾಲಗಾದಲ್ಲಿ ಜನಿಸಿದರು. ಸೆವಿಲ್ಲೆಯಲ್ಲಿ ಅಬುಲ್ ಅಬ್ಬಾಸ್ ಅನ್ನಬಾತಿ ಅವರ ಬಳಿ ಗಿಡಮೂಲಿಕೆಗಳ ಅಧ್ಯಯನ ಮಾಡಿದರು. 1219ರ ಸುಮಾರಿಗೆ ಊರು ಬಿಟ್ಟು ಉತ್ತರ ಆಫ್ರಿಕಾದ ಉದ್ದಕ್ಕೂ ಗಿಡಗಳನ್ನು ಹುಡುಕುತ್ತಾ ಸಾಗಿದರು. ಮುಂದೆ ಈಜಿಪ್ಟಿನ ಸುಲ್ತಾನ್ ಅಲ್ ಕಾಮಿಲ್ ಅವರನ್ನು ಮೂಲಿಕೆ ತಜ್ಞರ ಮುಖ್ಯಸ್ಥರನ್ನಾಗಿ ನೇಮಿಸಿದರು.

ಅವರ ಮಹಾಗ್ರಂಥದಲ್ಲಿ ಸುಮಾರು 1400 ಔಷಧ ಮತ್ತು ಆಹಾರವಸ್ತುಗಳ ವಿವರಣೆಯಿದೆ. ಹಿಂದಿನವರ ಮಾತನ್ನು ಅವರು ಹೆಸರು ಹೇಳಿ ದಾಖಲಿಸಿದರು, ತಪ್ಪು ಕಂಡಲ್ಲಿ ತಿದ್ದಿದರು. ಶಿಷ್ಯ ಇಬ್ನ್ ಅಬೀ ಉಸೈಬಿಅ ಅವರನ್ನು ದಮಾಸ್ಕಸ್ಸಿನ ಹೊಲಗಳಿಗೆ ಕರೆದೊಯ್ದು ಗಿಡಗಳನ್ನು ನೆಲದಲ್ಲೇ ತೋರಿಸಿ ಕಲಿಸಿದರು.

ಆ ಗ್ರಂಥದಲ್ಲಿ ಬರುವ ಒಂದು ಗಿಡ ಆತ್ರಿಲಾಲ್. ಇದು ನಮ್ಮ ಓಮ, ಕೊತ್ತಂಬರಿಗಳ ಕುಟುಂಬದ್ದು. ಉತ್ತರ ಆಫ್ರಿಕಾದ ಬರ್ಬರ್ ಜನರು ಅದರ ಬೀಜವನ್ನು ತೊನ್ನಿಗೆ ಕೊಡುತ್ತಿದ್ದರು. ಬೀಜದ ಪುಡಿಯನ್ನು ಜೇನಿನಲ್ಲಿ ಸೇವಿಸಿದ ರೋಗಿ, ಬಿಳಿಯಾದ ಚರ್ಮವನ್ನು ಒಂದೆರಡು ಗಂಟೆ ಬಿಸಿಲಿಗೆ ಒಡ್ಡಬೇಕಿತ್ತು. ಆಗ ಅಲ್ಲಿ ಗುಳ್ಳೆಗಳೇಳುತ್ತಿದ್ದವು. ಮದ್ದಿನ ಅಳತೆಯನ್ನೂ ಬಿಸಿಲಿನ ಅವಧಿಯನ್ನೂ ಇಬ್ನುಲ್ ಬೈತಾರ್ ಒಟ್ಟಿಗೇ ಬರೆದಿಟ್ಟರು. ಬೆಳಕು ತಗಲಿದಾಗ ಮಾತ್ರ ಕೆಲಸ ಮಾಡುವ ಔಷಧಕ್ಕೆ ಈ ಎರಡೂ ಅಳತೆಗಳು ಬೇಕು. ಅವರು 1248ರಲ್ಲಿ ದಮಾಸ್ಕಸ್ಸಿನಲ್ಲಿ ನಿಧನರಾದರು.

ಏಳು ಶತಮಾನಗಳ ನಂತರ, 1940ರ ದಶಕದಲ್ಲಿ, ಕೈರೋದ ವಿಜ್ಞಾನಿಗಳು ಅದೇ ಬೀಜದಿಂದ ಸೊರಾಲೆನ್ ಗುಂಪಿನ ರಾಸಾಯನಿಕಗಳನ್ನು ಬೇರ್ಪಡಿಸಿದರು. ಸೊರಾಲೆನ್ ಜೀವಕೋಶದ ಡಿಎನ್ಎ ಎಳೆಗಳ ನಡುವೆ ಸೇರಿಕೊಳ್ಳುತ್ತದೆ. ನೇರಳಾತೀತ ಕಿರಣ ಬಿದ್ದಾಗ ಎರಡೂ ಎಳೆಗಳನ್ನು ಬೆಸೆದುಬಿಡುತ್ತದೆ. ಆ ಕೋಶ ಮುಂದೆ ವಿಭಜನೆಯಾಗಲಾರದು. ಚರ್ಮದಲ್ಲಿ ಹರಡುವ ಒಂದು ಬಗೆಯ ರಕ್ತಕೋಶದ ಕ್ಯಾನ್ಸರಿಗೆ ಇದನ್ನು ಇಂದು ಬಳಸುತ್ತಾರೆ. ರೋಗಿಯ ಬಿಳಿ ರಕ್ತಕಣಗಳನ್ನು ಹೊರತೆಗೆದು, ಔಷಧ ಬೆರೆಸಿ, ಕಿರಣ ಹಾಯಿಸಿ ಮರಳಿ ದೇಹಕ್ಕೆ ಸೇರಿಸುತ್ತಾರೆ. ಈ ವಿಧಾನಕ್ಕೆ ಅಮೆರಿಕದಲ್ಲಿ 1988ರಲ್ಲಿ ಒಪ್ಪಿಗೆ ದೊರೆಯಿತು.

ಆದರೆ ಕ್ಯಾನ್ಸರ್ ಕೋಶವನ್ನು ತಡೆಯುವ ಗುಣವೇ ಆರೋಗ್ಯವಂತ ಕೋಶಕ್ಕೂ ಅಪಾಯ. ಈ ಗಿಡದ ಬೀಜ ತಿಂದ ಕುರಿ, ಬಾತುಕೋಳಿಗಳ ಮೈ ಬಿಸಿಲಿನಲ್ಲಿ ಸುಟ್ಟು ಹುಣ್ಣಾಗುತ್ತದೆ. ಸೊರಾಲೆನ್ ಮತ್ತು ಕಿರಣ ಎರಡನ್ನೂ ಪದೇ ಪದೇ ಪಡೆದ ಇಲಿಗಳಲ್ಲಿ ಚರ್ಮದ ಗಡ್ಡೆಗಳು ಕಾಣಿಸಿಕೊಂಡವು. ಆದ್ದರಿಂದ ಇಂತಹ ಔಷಧವನ್ನು ಕತ್ತಲಲ್ಲಿ ಮಾತ್ರ ಪರೀಕ್ಷಿಸಿ ಸುರಕ್ಷಿತ ಎನ್ನಲಾಗದು. ಮದ್ದು ಮಾತ್ರ, ಬೆಳಕು ಮಾತ್ರ, ಎರಡೂ ಸೇರಿ, ಹೀಗೆ ಮೂರು ಬಗೆಯಲ್ಲೂ ನೋಡಬೇಕು. ಮದ್ದು ಪಡೆದ ಮೇಲೆ ಎಷ್ಟು ದಿನ ಬಿಸಿಲಿನಿಂದ ದೂರವಿರಬೇಕೆಂಬುದೂ ತಿಳಿಯಬೇಕು. ಮನುಷ್ಯನಿಗೆ ಹೇಗೋ, ಮಾತು ಬಾರದ ಪ್ರಾಣಿಗೂ ಹಾಗೆಯೇ.

ಗೆಳೆಯರೇ, ಪ್ರಯೋಗಾಲಯದಲ್ಲಿ ಅಳತೆ ಮತ್ತು ಸಮಯವನ್ನು ಬರೆದಿಡುವುದು ಬೇಸರದ ಕೆಲಸ ಎನಿಸಬಹುದು. ಪಶುವೈದ್ಯನ ಮಗ ಬರೆದಿಟ್ಟದ್ದು ಏಳು ನೂರು ವರ್ಷಗಳ ನಂತರವೂ ಅರ್ಥವಾದದ್ದು ಆ ಕೆಲಸದಿಂದಲೇ.