ಮೋಗ್ಲಿಂಗ್, ಧರ್ಮಶಾಸ್ತ್ರ ಮತ್ತು ತೋಟದ ಕೂಲಿ

ಪ್ರತಿ ವರ್ಷ ಜುಲೈ 1ಕ್ಕೆ ಪತ್ರಿಕಾ ದಿನಾಚರಣೆ ಮಾಡ್ತೇವೆ. ಹರ್ಮನ್ ಮೋಗ್ಲಿಂಗ್ ಫೋಟೋಗೆ ಹಾರ ಹಾಕ್ತೇವೆ, ಅಲ್ಲಿಗೆ ಮುಗೀತು. 1843ರಲ್ಲಿ ಅದೇ ದಿನ ಮಂಗಳೂರಿನಲ್ಲಿ ಅವರ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಿಂದ ಹೊರಬಂದಿತ್ತು. ಕನ್ನಡದ ಮೊದಲ ಪತ್ರಿಕೆ ಅದು. ಆದರೆ ಹೆಬ್ಬೆ ಕಡೆಯ ಕಾಫಿ ತೋಟಗಳನ್ನು ನೋಡುತ್ತಲೇ ಬೆಳೆದ ನನಗೆ ಅವರ ಬದುಕಿನ ಇನ್ನೊಂದು ಭಾಗವೇ ಹೆಚ್ಚು ಕಾಡುತ್ತದೆ. ಅದು ಕೊಡಗಿನಲ್ಲಿ ನಡೆದದ್ದು.

ಮೋಗ್ಲಿಂಗ್ ಹುಟ್ಟಿದ್ದು 1811ರಲ್ಲಿ, ಜರ್ಮನಿಯ ಬ್ರಾಕನ್‌ಹೈಮ್‌ನಲ್ಲಿ. ಟ್ಯೂಬಿಂಗೆನ್‌ನಲ್ಲಿ ದೇವತಾಶಾಸ್ತ್ರ ಓದಿ, 1836ರಲ್ಲಿ ಬಾಸೆಲ್ ಮಿಷನ್ ಕಳಿಸಿದ ಪಾದ್ರಿಯಾಗಿ ಮಂಗಳೂರಿಗೆ ಬಂದರು. ಬಂಗಲೆಯ ದೊರೆಯಂತೆ ಬದುಕುವುದು ಅವರಿಗೆ ಒಗ್ಗಲಿಲ್ಲ. ಇಲ್ಲಿನ ಹುಡುಗರ ಜೊತೆ ಒಂದೇ ಮನೆಯಲ್ಲಿದ್ದು, ಅವರು ಉಂಡದ್ದನ್ನೇ ಉಂಡು ಪಾಠ ಹೇಳಿದರು. 1844ರಲ್ಲಿ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ಅವರಿಂದ ದೀಕ್ಷಾಸ್ನಾನ ಪಡೆದಾಗ ಮಂಗಳೂರೇ ಕುದಿಯಿತು. ಯಾರು ಯಾರ ಪಂಕ್ತಿಯಲ್ಲಿ ಕೂರಬೇಕು ಅನ್ನುವುದು ಅವತ್ತು ಬರೀ ಊಟದ ವಿಷಯವಾಗಿರಲಿಲ್ಲ.

ಈ ಪಂಕ್ತಿಯ ಜಗಳ ಕ್ರೈಸ್ತ ಧರ್ಮದ ಹುಟ್ಟಿನಲ್ಲೇ ಇದೆ. ಯೇಸು ಯಹೂದಿ. ಮೊದಲ ಶಿಷ್ಯರೂ ಯಹೂದಿಗಳೇ. ಯಹೂದಿಯರಲ್ಲದವರು ಸಭೆಗೆ ಬರತೊಡಗಿದಾಗ ಅವರಿಗೂ ಸುನ್ನತಿ ಆಗಬೇಕಾ, ಆಹಾರದ ನಿಯಮ ಅನ್ವಯಿಸುತ್ತಾ ಎಂಬ ಪ್ರಶ್ನೆ ಎದ್ದಿತು. ಅಂತಿಯೋಕ್ಯದಲ್ಲಿ ಪೇತ್ರ ಅನ್ಯಜನರ ಜೊತೆ ಉಣ್ಣುತ್ತಿದ್ದವನು, ಆಕ್ಷೇಪಿಸುವವರು ಬಂದೊಡನೆ ಹಿಂದೆ ಸರಿದ. ಪೌಲ ಅವನನ್ನು ಎಲ್ಲರೆದುರೇ ತರಾಟೆಗೆ ತೆಗೆದುಕೊಂಡ. ಮನುಷ್ಯ ದೇವರಿಗೆ ಸಲ್ಲುವುದು ನಂಬಿಕೆಯಿಂದ, ನಿಯಮ ಪಾಲನೆಯಿಂದಲ್ಲ ಎಂಬುದು ಅವನ ವಾದ. ಹಾಗಂತ ಮನಸ್ಸು ಬಂದಂತೆ ಬದುಕಿ ಅಂತ ಅವನು ಹೇಳಲಿಲ್ಲ. ಈ ಬಿಡುಗಡೆ ಇರುವುದೇ ಒಬ್ಬರು ಇನ್ನೊಬ್ಬರ ಸೇವೆ ಮಾಡುವುದಕ್ಕೆ ಅಂದ.

ಇಲ್ಲೊಂದು ತೊಡಕಿದೆ. ಮೋಶೆಯ ಕಟ್ಟಳೆಗೆ ಕನ್ನಡ ಬೈಬಲ್ ಬಳಸುವ ಪದ ‘ಧರ್ಮಶಾಸ್ತ್ರ’. ಆ ಪದ ಕೇಳಿದೊಡನೆ ನಮಗೆ ನೆನಪಾಗುವುದು ಮನು, ಮಡಿ, ಮೈಲಿಗೆ. ಹೀಗಾಗಿ ಯಹೂದಿ ಕಟ್ಟಳೆ ಅಂದ್ರೆ ಜಾತಿಯಂಥದ್ದೇ ಇನ್ನೊಂದು ಸಂಕೋಲೆ ಅಂತ ತೀರ್ಮಾನಿಸುವುದು ಸುಲಭ. ಅದು ತಪ್ಪು. ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಡಬೇಕು, ಹೊಲದ ಅಂಚಿನ ಪೈರನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು, ನೀವೂ ಈಜಿಪ್ಟಿನಲ್ಲಿ ಗುಲಾಮರಾಗಿದ್ದಿರಿ ಅನ್ನೋದನ್ನು ಮರೆಯಬಾರದು: ಇವೆಲ್ಲ ಅದೇ ಕಟ್ಟಳೆಯಲ್ಲಿವೆ. ನೆರೆಯವನನ್ನು ಪ್ರೀತಿಸು ಅನ್ನುವುದೂ ಯಾಜಕಕಾಂಡದ್ದೇ. ಯೇಸು ಅದನ್ನು ಹೊಸದಾಗಿ ತರಲಿಲ್ಲ, ಅಲ್ಲಿಂದಲೇ ಎತ್ತಿ ಹೇಳಿದ.

1850ರ ದಶಕದಲ್ಲಿ ಮೋಗ್ಲಿಂಗ್ ಕೊಡಗಿಗೆ ಹೋದರು. ಅಷ್ಟರಲ್ಲಿ ಅವರು ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನು ‘ಬಿಬ್ಲಿಯೋಥೆಕಾ ಕರ್ನಾಟಕ’ ಮಾಲೆಯಲ್ಲಿ ಅಚ್ಚು ಹಾಕಿಸಿದ್ದರು. ಕೊಡಗಿನಲ್ಲಿ ಹೊಲೆಯ ಸಮುದಾಯದವರು ತಲೆತಲಾಂತರದಿಂದ ಜೀತಕ್ಕೆ ಬಿದ್ದಿದ್ದರು. ಗುಲಾಮರ ಮೇಲಿನ ಒಡೆತನವನ್ನು ಕೋರ್ಟುಗಳು ಮಾನ್ಯ ಮಾಡಬಾರದು ಎಂಬ ಕಂಪನಿ ಸರ್ಕಾರದ ಕಾಯ್ದೆ ಬಂದಿದ್ದೂ 1843ರಲ್ಲೇ. ಆದರೆ ಕಾಗದದ ಬಿಡುಗಡೆ ಹೊಟ್ಟೆ ತುಂಬಿಸುವುದಿಲ್ಲ. ನಿಲ್ಲೋಕೆ ನೆಲ ಬೇಕು. ಬಾಸೆಲ್‌ನಲ್ಲಿ ಓದಿ ಪಾದ್ರಿಯಾಗಿ ಮರಳಿದ್ದ ಕೌಂಡಿನ್ಯ ಜಮೀನು ಕೊಂಡರು, ಅಲ್ಲಿ ಆನಂದಪುರ ಎದ್ದಿತು. ಬ್ರಾಹ್ಮಣನಾಗಿ ಹುಟ್ಟಿದವನೊಬ್ಬ ಜೀತದಿಂದ ಬಂದವರ ಜೊತೆ ಒಂದೇ ಸಭೆಯಲ್ಲಿ ಕೂತದ್ದು ಅಂತಿಯೋಕ್ಯದ ಪ್ರಶ್ನೆಗೆ ಕೊಡಗು ಕೊಟ್ಟ ಉತ್ತರ.

ಹಾಗಂತ ಇದನ್ನು ಪವಾಡ ಅನ್ನಲಾರೆ. ಆನಂದಪುರದಲ್ಲೂ ಇದ್ದದ್ದು ಕಾಫಿ ತೋಟವೇ, ದುಡಿದವರು ಅದೇ ಜನ. ಜಮೀನು ಕೊಂಡದ್ದು ಪಾದ್ರಿ, ಅವರಲ್ಲ. ಸೇವೆ ಮಾಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ ಅನ್ನುವ ಲೆಕ್ಕ ಅಲ್ಲಿಗೂ ಮುಗಿಯಲಿಲ್ಲ. 1860ರಲ್ಲಿ ಮೋಗ್ಲಿಂಗ್ ಜರ್ಮನಿಗೆ ಮರಳಿದರು, 1881ರಲ್ಲಿ ಎಸ್ಲಿಂಗೆನ್‌ನಲ್ಲಿ ತೀರಿಕೊಂಡರು. ಭಾರತದಲ್ಲಿ ಜೀತ ಪದ್ಧತಿ ರದ್ದತಿ ಕಾಯ್ದೆ ಬರಲು 1976 ಆಗಬೇಕಾಯಿತು.

ನಮ್ಮ ರಾಜಕೀಯ ಚರ್ಚೆಯಲ್ಲಿ ಎರಡು ಗುಂಪು ಇವೆ. ಕಾನೂನು ಬಂದರೆ ಸಾಕು ಅನ್ನುವವರು ಒಂದು ಕಡೆ, ಮನಸ್ಸು ಬದಲಾದರೆ ಸಾಕು ಅನ್ನುವವರು ಇನ್ನೊಂದು ಕಡೆ. ಮೋಗ್ಲಿಂಗರ ಬದುಕನ್ನು ಓದಿದರೆ ಎರಡೂ ಸಾಲದು ಅನ್ನಿಸುತ್ತದೆ. ಒಂದೇ ಪಂಕ್ತಿಯಲ್ಲಿ ಕೂರಿಸಲು ಮನಸ್ಸು ಬೇಕು. ಹೊತ್ತು ಮುಳುಗುವ ಮೊದಲು ಕೂಲಿ ಕೊಡಿಸಲು ಕಟ್ಟಳೆಯೇ ಬೇಕು, ಯಾಕಂದ್ರೆ ಕೂಲಿ ಯಾರ ಕೃಪೆಯೂ ಅಲ್ಲ.